ಐರಿನ್ ಮಿಸ್ ಬೇಯಿಸಿದ ಟರ್ಕಿ ಕೋಳಿ

ಐರಿನ್ ಮಿಸ್ ನಮ್ಮ ಮನೆಯ ಡಬ್ಬಿಯನ್ನು ಎಂದೂ ಬರಿದಾಗಿ ಹಿಂದಿರುಗಿಸಿದವರಲ್ಲ. ತೊಳೆದು ಒರೆಸಿದ ಡಬ್ಬಿಯೊಳಗೆ ನಾಲ್ಕಾಗಿ ಮಡಿಸಿದ ಒಂದು ಚೀಟಿ ಇರುತ್ತಿತ್ತು. ಅದರಲ್ಲಿ ಕೆಂಪು ಶಾಯಿಯಲ್ಲಿ ‘ಸಾರು: ಆರೂವರೆ. ಹುಳಿ ಮುಂದು’ ಎಂದೋ, ‘ಪಲ್ಯ: ಏಳು. ಕಾಯಿ ಹಳತು’ ಎಂದೋ ಬರೆದಿರುತ್ತಿದ್ದರು. ಎಲ್ಲವೂ ಹತ್ತಕ್ಕೆ. ಹಾಲು ಕಾಯಿಸಲೂ ಬಾರದವರು ತನ್ನ ಅಡುಗೆಗೆ ಮಾರ್ಕು ಹಾಕುವುದು ನನ್ನ ಹೆಂಡತಿ ಸುಧಾಳಿಗೆ ಮೊದಮೊದಲು ಮೈ ಉರಿಸುತ್ತಿತ್ತು. ಆಮೇಲಾಮೇಲೆ ಡಬ್ಬಿ ಬಂದ ಕೂಡಲೇ ಚೀಟಿ ಬಿಡಿಸಿ ನೋಡುವ ಚಟ ಅವಳಿಗೇ ಹತ್ತಿತು.

ವಿಮಾ ಕಂಪನಿಯವರು ನನ್ನನ್ನು ತುಮಕೂರಿನಿಂದ ವಡೋದರಾಕ್ಕೆ ಎತ್ತಿ ಹಾಕಿದಾಗ ನಾವು ಅಲ್ಲಿನ ಗೋರ್ವಾ ಬಡಾವಣೆಯಲ್ಲಿ ಮನೆ ಹಿಡಿದೆವು. ಪಕ್ಕದ ಮನೆಯ ಐರಿನ್ ಮಿಸ್ ಕನ್ನಡದವರೆಂದು ತಿಳಿಯಲು ಒಂದು ತಿಂಗಳು ಬೇಕಾಯಿತು. ತರಕಾರಿ ಗಾಡಿಯವನ ಜೊತೆ ಅವರು ಸೊಗಸಾದ ಗುಜರಾತಿಯಲ್ಲಿ ಚೌಕಾಸಿ ಮಾಡುತ್ತಿದ್ದರು. ಒಂದು ಬೆಳಿಗ್ಗೆ ‘ಏಳೆಂಟ್ಲೆ ಐವತ್ತಾರು’ ಎಂದು ತಮ್ಮಷ್ಟಕ್ಕೆ ಗೊಣಗಿದ್ದು ಸುಧಾಳ ಕಿವಿಗೆ ಬಿತ್ತು. ಉಡುಪಿ ಕಡೆಯ ಒಂದು ಮಿಷನ್ ಕಾಂಪೌಂಡಿನಲ್ಲಿ ಹುಟ್ಟಿ, ಇಲ್ಲಿನ ಇಂಗ್ಲಿಷ್ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಪ್ರಾರ್ಥನೆ ಇಂಗ್ಲಿಷಿನಲ್ಲಿ, ಜಗಳ ಗುಜರಾತಿಯಲ್ಲಿ, ಮಗ್ಗಿ ಮಾತ್ರ ಕನ್ನಡದಲ್ಲಿ.

ಪಾದ್ರಿಯ ಪ್ರಸಂಗ, ಆಟೊದವನ ಬ್ರೇಕು, ನನ್ನ ಹೊಸ ಕನ್ನಡಕ, ಯಾವುದನ್ನೂ ಅವರು ಮಾರ್ಕು ಹಾಕದೆ ಬಿಟ್ಟದ್ದಿಲ್ಲ. ಕನ್ನಡಕಕ್ಕೆ ನಾಲ್ಕು ಬಂತು. ಹತ್ತಕ್ಕೆ ಹತ್ತು ಯಾರಿಗೂ ಇಲ್ಲ. ಯಾಕೆಂದು ಕೇಳಿದರೆ, ‘ಹತ್ತು ಕೊಟ್ರೆ ಆಮೇಲೆ ಅವ ಎಂತ ಕಲಿಯುದು?’ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಮಧ್ಯಾಹ್ನಕ್ಕೆ ಖಾನಾವಳಿಯಿಂದ ಟಿಫಿನ್, ರಾತ್ರಿಗೆ ಬ್ರೆಡ್ಡು, ಬಾಳೆಹಣ್ಣು. ಗ್ಯಾಸ್ ಒಲೆಯ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟುಗಳನ್ನು ಪೇರಿಸಿಟ್ಟಿದ್ದರು.

ಇಂಥವರು ಒಂದು ಡಿಸೆಂಬರಿನಲ್ಲಿ ನಮ್ಮ ಮನೆಗೆ ಬಂದು, ‘ಸುಧಾ, ಟರ್ಕಿ ಕೋಳಿ ಬೇಯ್ಲಿಕ್ಕೆ ಎಷ್ಟು ಹೊತ್ತು ಬೇಕು?’ ಎಂದು ಕೇಳಿದರು. ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ಸುಧಾ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ.

ಕಾರಣವನ್ನು ಅವರೇ ಹೇಳಿದರು. ಅವರಿಗೆ ವಾಲ್ಟರ್ ಎಂಬ ಒಬ್ಬನೇ ತಮ್ಮ. ಅಹಮದಾಬಾದಿನ ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಎರಡು ಗಂಟೆಯ ದಾರಿ, ಆದರೆ ಅಕ್ಕ ತಮ್ಮ ಮಾತಾಡಿ ಹದಿನೆಂಟು ವರ್ಷವಾಗಿತ್ತು. ಆತ ಹಂಸಾ ಎಂಬ ಗುಜರಾತಿ ಹುಡುಗಿಯನ್ನು ಮದುವೆಯಾದಾಗ ತಾಯಿ ಒಪ್ಪಲಿಲ್ಲ, ಅಕ್ಕನೂ ಹೋಗಲಿಲ್ಲ. ‘ನಾನು ಅಮ್ಮನ ಪಕ್ಷ ಹಿಡಿದೆ. ಅಮ್ಮ ತೀರಿಕೊಂಡ್ರು. ಮತ್ತೆ ಆ ಪಕ್ಷ ಬಿಡ್ಲಿಕ್ಕೆ ನನಗೆ ಗೊತ್ತಾಗ್ಲಿಲ್ಲ’ ಎಂದರು. ಆ ವರ್ಷ ಅವರೇ ಸೋತು ಕಾಗದ ಬರೆದಿದ್ದರು. ಕ್ರಿಸ್‌ಮಸ್ ಊಟಕ್ಕೆ ಇಬ್ಬರೂ ಬರುತ್ತೇವೆ ಎಂದು ಒಂದು ಸಾಲಿನ ಉತ್ತರ ಬಂದಿತ್ತು.

ಅದಕ್ಕೆ ಟರ್ಕಿಯೇ ಯಾಕೆ ಎಂದರೆ ಅದೂ ಹಳೆಯ ಕತೆ. ಕಾಂಪೌಂಡಿನಲ್ಲಿದ್ದ ಬಿಳಿ ಡಾಕ್ಟರಮ್ಮನ ಮನೆಯಲ್ಲಿ ಒಂದು ಕ್ರಿಸ್‌ಮಸ್‌ಗೆ ಟರ್ಕಿ ಬೇಯಿಸಿದ್ದರು. ತೋಟದ ಕೆಲಸದವರ ಮಕ್ಕಳಾದ ಇವರಿಬ್ಬರೂ ಕಿಟಕಿಯ ಹೊರಗೆ ನಿಂತು ನೋಡಿದ್ದರು. ಆರು ವರ್ಷದ ವಾಲ್ಟರ್ ಅಳತೊಡಗಿದಾಗ ಅಕ್ಕ, ದೊಡ್ಡವಳಾದ ಮೇಲೆ ನಾನೇ ಮಾಡಿ ಹಾಕುತ್ತೇನೆ ಎಂದು ಸಮಾಧಾನ ಮಾಡಿದ್ದಳು. ‘ದೊಡ್ಡವಳಾಗಿ ಎಷ್ಟೋ ಕಾಲ ಆಯ್ತಲ್ಲ ಮಾರಾಯ್ರೆ’ ಎಂದರು ಮಿಸ್.

ಕೋಳಿ ಸಿಕ್ಕಿದ್ದು ಅಹಮದಾಬಾದಿನ ಒಂದು ಶೀತಲ ಮಾಂಸದ ಅಂಗಡಿಯಲ್ಲಿ. ಆಫೀಸು ಕೆಲಸಕ್ಕೆ ಹೋಗಿದ್ದ ನಾನು ಅದನ್ನು ತರಬೇಕಾಯಿತು. ಕಲ್ಲಿನಂತೆ ಹೆಪ್ಪುಗಟ್ಟಿದ ಐದು ಕಿಲೋ ಹಕ್ಕಿಯನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ ರೈಲು ಹತ್ತಿದೆ. ನಡಿಯಾದ್ ದಾಟುವ ಹೊತ್ತಿಗೆ ಚೀಲ ಜಿನುಗತೊಡಗಿತು. ಎದುರಿಗಿದ್ದ ಹಿರಿಯರು ಢೋಕ್ಲಾ ಕೊಟ್ಟು, ಚೀಲದಲ್ಲೇನು ಎಂದು ವಿಚಾರಿಸಿದರು. ಕಂಪನಿಯ ಸ್ಯಾಂಪಲ್ ಎಂದೆ. ಅವರು ಕಾಲೆತ್ತಿ ಸೀಟಿನ ಮೇಲೆ ಇಟ್ಟುಕೊಂಡರು.

ಕ್ರಿಸ್‌ಮಸ್ ಬೆಳಿಗ್ಗೆ ಚರ್ಚಿನಿಂದ ಬಂದವರೇ ಮಿಸ್ ಕೆಲಸಕ್ಕೆ ಇಳಿದರು. ಮುಟ್ಟುವುದಿಲ್ಲ ಎಂಬ ಷರತ್ತಿನ ಮೇಲೆ ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಫೋನಿನಿಂದ ವಿಧಾನ ಓದಿ ಹೇಳುತ್ತಿದ್ದೆ. ಗೋಡೆಗೆ ಕರಿಹಲಗೆ ಬಂದಿತ್ತು. ಅದರ ಮೇಲೆ ಕಿಲೋಗೆ ಇಷ್ಟು ನಿಮಿಷವಾದರೆ ಐದು ಕಿಲೋಗೆ ಎಷ್ಟು ಎಂಬ ಲೆಕ್ಕವಿತ್ತು. ಹೊಸ ಓವನ್ನನ್ನು ಅವರು ಹಕ್ಕಿಯ ಉದ್ದಗಲ ಅಳೆದ ಮೇಲೆಯೇ ಕೊಂಡಿದ್ದರು. ಮೇಲೆ ಎರಡು ಬೆರಳು ಜಾಗ ಉಳಿಯುತ್ತಿತ್ತು.

ಹೊಟ್ಟೆಯೊಳಗೆ ಬ್ರೆಡ್ಡಿನ ಪುಡಿ ತುಂಬಬೇಕು ಎಂದು ಓದಿದೆ. ಆ ದಿನ ಅಂಗಡಿಗಳಲ್ಲಿ ಬ್ರೆಡ್ಡು ಮುಗಿದಿತ್ತು. ಮಿಸ್ ಕಾಂಪೌಂಡು ಗೋಡೆಯ ಆಚೆಗೆ ಕೂಗಿ ಕೇಳಿದಾಗ ಸುಧಾ ಊರಿನಿಂದ ತರಿಸಿಟ್ಟ ರವೆಯ ಡಬ್ಬಿಯನ್ನೇ ಗೋಡೆಯ ಮೇಲೆ ಇಟ್ಟಳು. ಕೋಳಿಯಿರುವ ಅಡುಗೆಮನೆಗೆ ಅವಳು ಬರುವಂತಿರಲಿಲ್ಲ. ಮಿಸ್ ಹಕ್ಕಿಯ ಹೊಟ್ಟೆಗೆ ಲೋಟದಲ್ಲಿ ನೀರು ಸುರಿದು ಅಳೆದರು. ಆರು ಲೋಟ ಹಿಡಿಯಿತು. ನೀರು ಚೆಲ್ಲಿ, ಆರು ಲೋಟ ಹಸಿ ರವೆ, ಈರುಳ್ಳಿ, ಬೆಣ್ಣೆ ಗಿಡಿದು ತುಂಬಿ, ಮೇಲೆ ಬಿಸಿನೀರು ಹೊಯ್ದು, ದಬ್ಬಳದಲ್ಲಿ ಬಿಗಿಯಾಗಿ ಹೊಲಿದರು. ‘ಒಂದು ಚಮಚ ಜಾಗ ವೇಸ್ಟ್ ಇಲ್ಲ’ ಎಂದರು. ಹುಟ್ಟಿದಾಗಿನಿಂದ ಉಪ್ಪಿಟ್ಟು ತಿಂದು ಬೆಳೆದ ನಾನು ಅಲ್ಲೇ ಕೂತಿದ್ದೆ. ನನಗೂ ಏನೂ ಹೊಳೆಯಲಿಲ್ಲ.

ಒಂದೂಕಾಲು ಗಂಟೆಯ ಮೇಲೆ ಓವನ್ನಿನೊಳಗೆ ಟಪ್ಪೆಂದು ಸದ್ದಾಯಿತು. ಗಾಜಿನಿಂದ ನೋಡಿದರೆ ಹೊಲಿಗೆ ಹರಿದು, ಅರಳಿದ ರವೆ ಉಕ್ಕಿ ಮೇಲಿನ ಕಾದ ತಂತಿ ಸುರುಳಿಗೆ ಅಂಟಿ ಕರಕಲಾಗುತ್ತಿತ್ತು. ಮನೆ ತುಂಬ ಹೊಗೆ. ಸುಧಾ ಗೋಡೆಯ ಆಚೆಯಿಂದಲೇ, ‘ಹಸೀ ರವೆ ತುಂಬಿದ್ರಾ ಮಿಸ್? ಉಪ್ಪಿಟ್ಟು ಮಾಡ್ಕೊಂಡು ತುಂಬ್ತೀರ ಅಂದ್ಕೊಂಡಿದ್ದೆ’ ಎಂದಳು. ಮಿಸ್ ಮೆಟ್ಟಿಲ ಮೇಲೆ ಕೂತರು. ‘ಅವ ಬರುವ ಹೊತ್ತಾಯ್ತು. ಎಂತ ತೋರಿಸ್ಲಿ ನಾನು ಅವನಿಗೆ?’ ಎಂದರು. ಅಷ್ಟು ಹೊತ್ತು ತಮಾಷೆ ನೋಡುತ್ತಿದ್ದ ನನಗೆ ಆಗ ನಾಚಿಕೆಯಾಯಿತು.

ವಾಲ್ಟರ್ ಬೋಳುತಲೆಯ, ಮೆತ್ತಗಿನ ಮನುಷ್ಯ. ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ನೀಲಿ ಬಣ್ಣ. ಹಂಸಾ ಬಾಗಿ ಮಿಸ್ ಅವರ ಕಾಲು ಮುಟ್ಟಿದರು. ಮಿಸ್ ಆಕೆಯ ತೋಳು ಹಿಡಿದು ಎತ್ತಿದರು. ಮೇಜಿನ ಮೇಲೆ ಮೈ ಕಪ್ಪಾದ, ಹೊಟ್ಟೆ ಬಿರಿದ ಹಕ್ಕಿ ಕೂತಿತ್ತು. ‘ಮೇಲೆ ಸುಟ್ಟಿದೆ, ಒಳಗೆ ಬೇಯ್ಲಿಲ್ಲ. ಈ ಕಾಲೊಂದು ಸರಿ ಬೆಂದಿದೆ. ಮಾಡಿ ಹಾಕ್ತೇನೆ ಅಂತ ಹೇಳಿದ್ದೆ ಅಲ್ವಾ ನಿನಗೆ’ ಎಂದು ಮಿಸ್ ಆ ಕಾಲಿನಿಂದ ಮೂರು ತುಂಡು ಕೊಯ್ದು ತಮ್ಮನ ತಟ್ಟೆಗೆ ಹಾಕಿದರು.

ವಾಲ್ಟರ್ ಸ್ವಲ್ಪ ಹೊತ್ತು ತಟ್ಟೆಯನ್ನು ನೋಡಿದರು. ಹಂಸಾ ಏನೋ ಹೇಳಲು ಬಾಯಿ ತೆರೆದಾಗ ಅವರ ಕೈ ಮೇಲೆ ಕೈಯಿಟ್ಟರು. ಆಮೇಲೆ ಒಂದೊಂದೇ ತುಂಡನ್ನು ತಿಂದರು, ಪ್ರತಿ ತುತ್ತಿಗೂ ನೀರು ಕುಡಿದರು. ‘ಎಷ್ಟು ಕೊಡ್ತೀಯ?’ ಎಂದು ಮಿಸ್ ಕೇಳಿದರು. ‘ಹತ್ತು ಅಕ್ಕ’ ಎಂದರು ವಾಲ್ಟರ್. ‘ಸುಳ್ಳು ಹೇಳ್ಬೇಡ. ಎರಡು’ ಎಂದು ಮಿಸ್ ನಕ್ಕರು. ಉಳಿದ ರವೆಯಲ್ಲಿ ಸುಧಾ ಮಾಡಿ ಕಳಿಸಿದ ಉಪ್ಪಿಟ್ಟನ್ನು ಎಲ್ಲರೂ ತಿಂದೆವು.

ಹೊರಗೆ ಉಯ್ಯಾಲೆಯ ಮೇಲೆ ಕೂತಾಗ ಹಂಸಾ ನನಗೆ ಹಿಂದಿಯಲ್ಲಿ ಹೇಳಿದರು: ‘ಇವರು ಮಾಂಸ ಬಿಟ್ಟು ಹದಿನೈದು ವರ್ಷವಾಯಿತು. ನಾನೇನೂ ಬಿಡಿ ಅಂದಿರಲಿಲ್ಲ. ಅಕ್ಕನಿಗೆ ಹೇಳಬೇಡ ಅಂತ ನನ್ನ ಕೈ ಒತ್ತಿದರು.’

ಆಮೇಲೆ ಎರಡು ವಾರಕ್ಕೊಮ್ಮೆ ವಾಲ್ಟರ್ ಬರತೊಡಗಿದರು. ಪ್ರಶ್ನೆಪತ್ರಿಕೆಗಳು ಒಲೆಯಿಂದ ಇಳಿದವು. ಮಿಸ್ ಸುಧಾಳಿಂದ ಉಪ್ಪಿಟ್ಟು ಕಲಿತರು, ಅದೊಂದನ್ನೇ. ತಮ್ಮ ಉಪ್ಪಿಟ್ಟಿಗೆ ಅವರೇ ಐದರ ಮೇಲೆ ಕೊಟ್ಟುಕೊಂಡದ್ದಿಲ್ಲ.

ಎರಡು ವರ್ಷದ ಮೇಲೆ ನನಗೆ ಸೂರತ್ತಿಗೆ ವರ್ಗವಾಯಿತು. ಹೇಳಿ ಹೋಗಲು ಅವರ ಮನೆಗೆ ಹೋದಾಗ ಮಿಸ್ ಇದ್ದಕ್ಕಿದ್ದಂತೆ, ‘ವಾಲ್ಟರ್ ಮಾಂಸ ಬಿಟ್ಟದ್ದು ನಿಮಗೆ ಗೊತ್ತುಂಟಲ್ಲ?’ ಎಂದರು. ನಾನು ತಲೆಯಾಡಿಸಿದೆ. ‘ನನಗೂ ಆ ದಿನವೇ ಗೊತ್ತಾಯ್ತು. ಮೂವತ್ತು ವರ್ಷ ಕಾಪಿ ಹೊಡೆಯುವವರ ಮುಖ ನೋಡಿದವಳು ನಾನು. ಮೊದಲ ತುತ್ತಿಗೇ ಗೊತ್ತಾಯ್ತು.’

‘ಮತ್ತೆ ಯಾಕೆ ತಡೀಲಿಲ್ಲ ಮಿಸ್?’ ಎಂದೆ.

‘ಬರೀತಾ ಇದ್ದವನ ಕೈಯಿಂದ ಪೇಪರು ಎಳಕೊಳ್ಳುದುಂಟಾ?’ ಎಂದರು. ‘ಅವನಿಗೆ ಹೇಳ್ಬೇಡಿ. ಗೊತ್ತಾದ್ರೆ ಅವ ತಿಂದದ್ದು ದಂಡ ಆಗ್ತದೆ.’

ನಾನು ಅವರನ್ನು ನೋಡಿದ್ದು ಅದೇ ಕಡೆ. ಮುಂದಿನ ಬೇಸಿಗೆಯಲ್ಲಿ ಎದೆನೋವಿನಿಂದ ತೀರಿಕೊಂಡರು. ಸುದ್ದಿ ತಿಳಿದು ನಾನು ಗೋರ್ವಾಕ್ಕೆ ಹೋದಾಗ ಮಣ್ಣು ಮುಗಿದಿತ್ತು. ವಾಲ್ಟರ್ ಅಡುಗೆಮನೆಯ ಸಾಮಾನು ಕಟ್ಟುತ್ತಿದ್ದರು. ಒಲೆಯ ಮೇಲೆ ಉಪ್ಪಿಟ್ಟಿನ ಬಾಣಲೆ ಇತ್ತು. ನಮ್ಮದೊಂದು ಹಳೆಯ ಡಬ್ಬಿಯನ್ನು ಹುಡುಕಿ ನನ್ನ ಕೈಗೆ ಕೊಟ್ಟರು. ಅಭ್ಯಾಸಬಲದಿಂದ ಮುಚ್ಚಳ ತೆಗೆದು ನೋಡಿದೆ. ಒಳಗೆ ಏನೂ ಇರಲಿಲ್ಲ.

ವಾಲ್ಟರ್ ಹಗ್ಗದ ಗಂಟು ಬಿಗಿಯುತ್ತಲೇ, ನನ್ನ ಕಡೆ ನೋಡದೆ ಕೇಳಿದರು. ‘ನಾನು ಮಾಂಸ ಬಿಟ್ಟದ್ದು ಅಕ್ಕನಿಗೆ ಗೊತ್ತಿರ್ಲಿಲ್ಲ ಅಲ್ವಾ? ಗೊತ್ತಿದ್ರೆ ಆ ದಿನ ತುಂಬ ನೊಂದುಕೊಳ್ತಿದ್ಳು.’

‘ಇಲ್ಲ, ಗೊತ್ತಿರಲಿಲ್ಲ’ ಎಂದೆ.

‘ಸದ್ಯ’ ಎಂದು ವಾಲ್ಟರ್ ಇನ್ನೊಂದು ಗಂಟು ಹಾಕಿದರು.