ಹೊಂದಿದ ಪ್ಲಗ್, ಹೊಂದದ ತಂತಿ

ಒಂದೇ ಕೋಣೆಯಲ್ಲಿ ಎರಡು ಅಂಗಡಿ. ಬಾಗಿಲ ಕಡೆ ಗಂಡನ ಹೊಲಿಗೆ ಯಂತ್ರ, ಗೋಡೆ ಕಡೆ ಹೆಂಡತಿಯ ಕಂಪ್ಯೂಟರ್ ರಿಪೇರಿ ಮೇಜು. ಬಟ್ಟೆಯ ಚೂರು ತನ್ನ ಮೇಜಿಗೆ ಹಾರಿ ಬಂದರೆ ಅವಳು ಗೊಣಗುತ್ತಿದ್ದಳು. ಅವಳ ಸ್ಕ್ರೂ ಬರಿಗಾಲಿಗೆ ಚುಚ್ಚಿದರೆ ಅವನು ಕೂಗುತ್ತಿದ್ದ. ಹತ್ತು ವರ್ಷ ಹೀಗೇ ಚೆನ್ನಾಗಿ ನಡೆದಿತ್ತು. ಅವಳ ಕೈ ಚುರುಕು. ಬೆಳಿಗ್ಗೆ ಕೊಟ್ಟದ್ದು ಮಧ್ಯಾಹ್ನಕ್ಕೆ ಸಿದ್ಧ ಎಂಬ ಮಾತು ಬೀದಿಯಲ್ಲಿತ್ತು, ಅದರ ಬಗ್ಗೆ ಅವಳಿಗೆ ತುಸು ಜಂಬವೂ ಇತ್ತು.

ಒಂದು ದಿನ ಎರಡು ಬೀದಿ ಆಚೆಯ ಮಳೆ ತಾತ ತಮ್ಮ ಕಂಪ್ಯೂಟರನ್ನು ಮಗುವಿನಂತೆ ಅಪ್ಪಿಕೊಂಡು ಬಂದರು. ಹವಾಮಾನ ಕಚೇರಿಯಲ್ಲಿದ್ದವರು. ಮನೆಯ ತಾರಸಿಯ ಮೇಲೂ ಸ್ವಂತ ಮಳೆಮಾಪಕ ಇಟ್ಟುಕೊಂಡು ಮೂವತ್ತೊಂದು ವರ್ಷದಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಿದ್ದರು. ಮಳೆ ತಾತ ಎಂಬ ಹೆಸರು ಬೀದಿಯ ಮಕ್ಕಳು ಇಟ್ಟದ್ದು.

"ಗುಂಡಿ ಒತ್ತಿದ್ರೆ ಉಸಿರೇ ಬಿಡ್ತಿಲ್ಲಮ್ಮ. ಅಷ್ಟೂ ವರ್ಷದ ಲೆಕ್ಕ ಅದರೊಳಗಿದೆ."

"ಮಧ್ಯಾಹ್ನ ಬನ್ನಿ ತಾತ," ಎಂದಳು ಅವಳು.

ಕಾಯಿಲೆ ಬೇಗ ಸಿಕ್ಕಿತು. ಒಳಗೆ ವಿದ್ಯುತ್ ಹಂಚುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಸತ್ತಿತ್ತು. ಹಳೆಯದರಂತೆಯೇ ಕೇಬಲ್ಲುಗಳನ್ನು ಕಳಚಿ ಜೋಡಿಸಬಹುದಾದ ಹೊಸದೊಂದು ಅವಳಲ್ಲೇ ಇತ್ತು, ಬೇರೆ ಕಂಪನಿಯದು. ಮದರ್‌ಬೋರ್ಡಿಗೆ ಹೋಗುವ ದೊಡ್ಡ ಪ್ಲಗ್ಗಿನ ಇಪ್ಪತ್ನಾಲ್ಕು ಪಿನ್ನುಗಳನ್ನು ಎಣಿಸಿ ನೋಡಿ ಹೊಸ ಕೇಬಲ್ಲನ್ನೇ ಹಾಕಿದಳು. ಪ್ರೊಸೆಸರಿನದ್ದನ್ನೂ ಬದಲಿಸಿದಳು. ಉಳಿದದ್ದು ತಾತನ ಲೆಕ್ಕವೆಲ್ಲ ಇದ್ದ ಹಾರ್ಡ್ ಡಿಸ್ಕಿನ ಕೇಬಲ್. ಅದನ್ನು ಯಾರೋ ಹಿಂದಿನ ತಗಡಿನ ಸಂದಿಯಲ್ಲಿ ಬಿಗಿಯಾಗಿ ಕಟ್ಟಿದ್ದರು. ಬಿಚ್ಚಲು ಹತ್ತು ನಿಮಿಷ ಬೇಕು. ಹಳೆಯ ಕೇಬಲ್ಲಿನ ತುದಿಯನ್ನೇ ಹೊಸ ಪೆಟ್ಟಿಗೆಗೆ ತಾಗಿಸಿ ನೋಡಿದಳು. ಟಕ್ ಎಂದು ಕೂತಿತು. ಕೂತಿತಲ್ಲ, ಸಾಕು ಎಂದುಕೊಂಡು ಸ್ವಿಚ್ ಹಾಕಿದಳು.

ಸುಟ್ಟ ವಾಸನೆ ಬಂತು. ಕೈ ತಾನಾಗಿಯೇ ಗೋಡೆಯ ಪ್ಲಗ್ ಕಿತ್ತಿತು.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಈಗ ಮಾಡಿದಳು. ಡಿಸ್ಕನ್ನು ಬೇರ್ಪಡಿಸಿ, ಮತ್ತೆ ವಿದ್ಯುತ್ ಕೊಟ್ಟು, ಆ ಕೇಬಲ್ಲಿನ ತುದಿಗೆ ಮೀಟರ್ ಹಿಡಿದಳು. ಐದು ವೋಲ್ಟ್ ಇರಬೇಕಾದಲ್ಲಿ ಹನ್ನೆರಡು ತೋರಿಸಿತು. ಎರಡೂ ಕಂಪನಿಗಳ ಪ್ಲಗ್ಗಿನ ಆಕಾರ ಒಂದೇ, ಒಳಗೆ ತಂತಿಗಳ ಕ್ರಮ ಮಾತ್ರ ಬೇರೆ. ಅವಳಿಗೆ ಗೊತ್ತಿರದ ವಿಷಯವೇನಲ್ಲ.

ಗಂಡ ಹೊಲಿಗೆ ನಿಲ್ಲಿಸಿ ಬಂದ. ಅವಳ ಮುಖ ನೋಡಿ ದನಿ ತಗ್ಗಿಸಿದ. "ಡಿಸ್ಕ್ ಮೊದಲೇ ಹೋಗಿತ್ತು ಅಂತ ಹೇಳಿಬಿಡೇ. ಅವರಿಗೇನು ಗೊತ್ತಾಗುತ್ತೆ?"

"ಹೇಳಬಹುದು ರೀ. ಆಮೇಲೆ ಇನ್ನೊಬ್ಬರ ಕಂಪ್ಯೂಟರ್ ಬಿಚ್ಚೋಕೆ ನನಗೆ ಕೈ ಬರಬೇಕಲ್ಲ."

ತಾತ ಬರುವವರೆಗೂ ಕಾಯಲಾಗಲಿಲ್ಲ. ಅವಳೇ ಅವರ ಮನೆಗೆ ಹೋಗಿ, ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದಳು. ಅವರು ಬಯ್ಯಲಿಲ್ಲ. "ಹೂಂ" ಎಂದು ಒಳಗೆ ಹೋದರು. ಬಯ್ದಿದ್ದರೆ ಅವಳಿಗೆ ಅಂದು ಊಟವಾದರೂ ಸೇರುತ್ತಿತ್ತು.

ಡಿಸ್ಕನ್ನು, ಸುಟ್ಟುಹೋದದ್ದರಿಂದಲೂ ಮಾಹಿತಿ ಎತ್ತಿಕೊಡುವವರಿಗೆ ಕಳಿಸಿದಳು. ಹದಿನೈದು ದಿನದ ಮೇಲೆ, ಆಗಲಿಲ್ಲ ಎಂಬ ಚೀಟಿಯೊಡನೆ ವಾಪಸ್ ಬಂತು. ಅದನ್ನು ಹಿಡಿದು ಮತ್ತೆ ಹೋದಾಗ ತಾತ ಕಪಾಟು ತೆರೆದು ತೋರಿಸಿದರು. ಹತ್ತೊಂಬತ್ತು ನೋಟ್‌ಪುಸ್ತಕಗಳಿದ್ದವು.

"ಮೂಲ ಇಲ್ಲೇ ಇದೆಯಮ್ಮ. ಆದ್ರೆ ನನ್ನ ಕಣ್ಣಿಗೀಗ ಮೂರೂ ಒಂದೇ ಎಂಟೂ ಒಂದೇ. ಇನ್ನೊಂದ್ಸಲ ಟೈಪ್ ಮಾಡೋ ಮಾತೇ ಇಲ್ಲ."

"ಓದೋಳೂ ನಾನೇ, ಟೈಪ್ ಮಾಡೋಳೂ ನಾನೇ. ನೀವು ಪಕ್ಕದಲ್ಲಿ ಕೂತಿರಿ ತಾತ, ಸಾಕು."

ಅಂದಿನಿಂದ ದಿನಾ ಸಂಜೆ ಒಂದು ಗಂಟೆ ಅವಳು ಅಲ್ಲಿ. ಕಂಪ್ಯೂಟರಿಗೆ ಹೊಸ ಡಿಸ್ಕನ್ನು ಹಾಕಿಕೊಟ್ಟಿದ್ದಳು, ಹೊಸ ಕೇಬಲ್ಲಿನಲ್ಲೇ. ತಾರೀಕು, ಮಳೆ, ಗಾಳಿ. ಮೊದಮೊದಲು ತಾತ ಮಾತಾಡುತ್ತಲೇ ಇರಲಿಲ್ಲ. ಅಂಕಿಯಲ್ಲಿ ಅನುಮಾನ ಬಂದು ಅವಳು ಕೇಳಿದಾಗಷ್ಟೇ ಬಾಯಿ ಬಿಡುತ್ತಿದ್ದರು. "ಐವತ್ತೆಂಟೇ ಬರಿ. ಆವತ್ತು ಎದುರುಮನೆ ಕಾಂಪೌಂಡ್ ಬಿದ್ದಿತ್ತು." ಬರಬರುತ್ತ ಅವಳು ಕೇಳದಿದ್ದರೂ ಹೇಳತೊಡಗಿದರು.

ಎಂಟನೆಯ ಪುಸ್ತಕದಲ್ಲಿ ಒಂದು ದಿನ ಖಾಲಿಯಿತ್ತು. ಹಿಂದಿನ ದಿನವೂ ಮರುದಿನವೂ ಜೋರು ಮಳೆ.

"ಇಲ್ಲೇನು ತಾತ?"

"ಜ್ವರ ಬಂದು ಮಲಗಿಬಿಟ್ಟಿದ್ದೆ. ಮಾರನೇ ದಿನ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಒಂದು ನಲವತ್ತು ಮಿಲಿಮೀಟರ್ ಅಂತ ಬರೆದಿದ್ರೆ ಯಾವನೂ ಕೇಳ್ತಿರಲಿಲ್ಲ." ಅವಳತ್ತ ತಿರುಗಿದರು. "ಖಾಲಿ ಬಿಡೋದು ಕಷ್ಟ ಕಣಮ್ಮ. ನೀನು ಆವತ್ತು ಬಾಗಿಲಲ್ಲಿ ನಿಂತು ಹೇಳ್ದಾಗ ನನಗೆ ಸಿಟ್ಟು ಬಂದಿತ್ತು. ಆದ್ರೆ ಹೇಳ್ದೆಯಲ್ಲ."

ಅವಳು ಆ ಸಾಲನ್ನು ಖಾಲಿ ಬಿಟ್ಟು ಮುಂದಿನ ತಾರೀಕಿಗೆ ಹೋದಳು. ಕಣ್ಣು ಒರೆಸಿಕೊಂಡದ್ದನ್ನು ತಾತ ನೋಡಿಯೂ ನೋಡದಂತಿದ್ದರು.

ಏಳು ತಿಂಗಳಲ್ಲಿ ಹತ್ತೊಂಬತ್ತೂ ಮುಗಿದವು. ಲೆಕ್ಕದ ಒಂದು ಪ್ರತಿ ತಾತನ ಕಂಪ್ಯೂಟರಿನಲ್ಲಿ, ಇನ್ನೊಂದು ಅವಳ ಅಂಗಡಿಯ ಡಿಸ್ಕಿನಲ್ಲಿ ಉಳಿಯಿತು. ಈಗ ಅವಳು ಹಳೆಯ ಎಸ್‌ಎಂಪಿಎಸ್ ತೆಗೆದರೆ ಅದರ ಕೇಬಲ್ಲುಗಳನ್ನೆಲ್ಲ ಅದರ ಜೊತೆಗೇ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತಾಳೆ. ಸಂಶಯವಿದ್ದರೆ ಮೀಟರ್ ಹಿಡಿಯದೆ ಡಿಸ್ಕ್ ಜೋಡಿಸುವುದಿಲ್ಲ. ಅವಸರ ಮಾಡುವ ಗಿರಾಕಿಗೆ, "ನಾಳೆ ಬನ್ನಿ," ಎನ್ನುತ್ತಾಳೆ.

ಪುಸ್ತಕಗಳು ಮುಗಿದ ಮೇಲೂ ಸಂಜೆ ಹೋಗುವುದು ನಿಂತಿಲ್ಲ. ಟೈಪ್ ಮಾಡುವುದು ದಿನಕ್ಕೆ ಒಂದೇ ಸಾಲು, ಅಂದು ಬೆಳಿಗ್ಗೆ ತಾತ ಅಳೆದದ್ದು. ಉಳಿದ ಹೊತ್ತು ಮಾತಿಗೆ.