ಬಲಕ್ಕೆ ತಿರುಗಿದ ಹಕ್ಕಿಗಳು

ಗೌರಿಬಿದನೂರಿನಲ್ಲಿ ಏಳು ಗಂಟೆಯ ಬಸ್ಸು ಹತ್ತಿದೆ. ಏಳೂವರೆಯೂ ಇರಬಹುದು, ನನ್ನ ನೆನಪು ತನಗೆ ಬೇಕಾದಂತೆ ಗಡಿಯಾರ ತಿರುಗಿಸಿಕೊಳ್ಳುತ್ತದೆ. 2004ರ ಫೆಬ್ರವರಿ ಎಂಬುದು ಖಚಿತ. ಮರುದಿನ ಚಿಂತಾಮಣಿಯ ಶಾಲೆಯೊಂದರಲ್ಲಿ ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯ ಬಗ್ಗೆ ಮಾತಾಡಬೇಕಿತ್ತು. ಪುಸ್ತಕದಿಂದ ನಕಲು ಮಾಡಿದ ಒಂದು ಸಾಲನ್ನು ಬಟ್ಟೆಯ ಮೇಲೆ ಬರೆಯಲು ಶಿಡ್ಲಘಟ್ಟದ ಪೇಂಟರ್ ಬಾಷಾ ಸಾಬರಿಗೆ ಕೊಟ್ಟಿದ್ದೆ. ಅದರಲ್ಲಿ ಒಂಬತ್ತು ಹಕ್ಕಿಗಳು: ‘ಅ’ ದನಿಗೆ ರಣಹದ್ದು, ‘ಮ’ಕ್ಕೆ ಗೂಬೆ, ‘ಉ’ಗೆ ಲಾವಕ್ಕಿ ಮರಿ. ಒಂದು ತಪ್ಪಿದ್ದರೂ ಮಕ್ಕಳೆದುರು ಬಿಚ್ಚುವುದಿಲ್ಲ ಎಂದು ನಿಶ್ಚಯಿಸಿದ್ದೆ.

ಚಿಕ್ಕಬಳ್ಳಾಪುರದಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆ. ಅಲ್ಲಿಂದ ಶಿಡ್ಲಘಟ್ಟಕ್ಕೆ ಹದಿನೈದು ಕಿಲೋಮೀಟರಿಗೆ ತುಸು ಹೆಚ್ಚು. ಪಕ್ಕದ ಸೀಟಿನಲ್ಲಿ ರೇಷ್ಮೆಗೂಡಿನ ಚೀಲ, ಕಿಟಕಿಯಾಚೆ ಹಿಪ್ಪುನೇರಳೆ.

“ಬನ್ನಿ ಸಾರ್, ನಿಮ್ ಗೂಬೆ ನೋಡಿ ಮೂರು ಗಿರಾಕಿ ವಾಪಸ್ ಹೋದ್ರು,” ಎಂದು ಬಾಷಾ ಸಾಬರು ಬಟ್ಟೆ ಬಿಡಿಸಿದರು.

ಅಚ್ಚುಕಟ್ಟಾಗಿತ್ತು. ಆದರೆ ಹಕ್ಕಿಗಳೆಲ್ಲ ಬಲಕ್ಕೆ ನೋಡುತ್ತಿದ್ದವು. ಎಡಕ್ಕೆ ನೋಡಬೇಕಿತ್ತು.

ಅವರ ಕೆಲಸದ ರೀತಿ ಹೀಗೆ: ಹಾಳೆಯ ಗೆರೆಗಳುದ್ದಕ್ಕೂ ಸೂಜಿಯಿಂದ ಚುಚ್ಚಿ, ಬಟ್ಟೆಯ ಮೇಲಿಟ್ಟು ಇದ್ದಿಲ ಪುಡಿ ತಟ್ಟುತ್ತಾರೆ, ಚುಕ್ಕಿ ಬಿದ್ದಲ್ಲಿ ಬಣ್ಣ. ಈ ಸಲ ಹಾಳೆಯನ್ನು ಮಗುಚಿ ಇಟ್ಟಿದ್ದರು.

“ಬೇಕಂತಲೇ ಮಾಡಿದ್ದು ಸಾರ್. ಎಲ್ಲಾ ಹಿಂದಕ್ಕೆ ನೋಡ್ತಿದ್ವು. ಬೋರ್ಡಲ್ಲಿ ಕುದುರೆ ಬರೀಲಿ, ಲಾರಿ ಬರೀಲಿ, ಮುಖ ಮುಂದಕ್ಕಿರ್ಬೇಕು.”

“ಹಕ್ಕಿ ಯಾವ ಕಡೆ ನೋಡುತ್ತೋ ಆ ಕಡೆಯಿಂದ ಓದೋಕೆ ಶುರು ಮಾಡ್ಬೇಕು ಸಾಬ್ರೇ. ಪೂರ್ತಿ ಹಾಳಾಯ್ತು. ಇನ್ನೊಂದು ಬಟ್ಟೆ ತೆಗೀರಿ.”

“ಮೂರು ದಿನದ ಕೆಲಸ ಸಾರ್ ಇದು, ಒಂದ್ ಮಧ್ಯಾಹ್ನಕ್ಕೆ ಆಗಲ್ಲ.” ಅವರು ಬಟ್ಟೆಯ ಬಲತುದಿಗೆ ಹೋಗಿ ನಿಂತರು. “ಇಲ್ಲಿಂದ ಓದಿ ಮತ್ತೆ. ನಮ್ ಉರ್ದು ಥರ. ಯಾರು ಬೇಡ ಅಂತಾರೆ?”

ತಕ್ಷಣ ಹೊಳೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನಷ್ಟು ಜಗಳವಾಡಿದೆ, ಚಹಾ ಬಂತು, ಅದನ್ನೂ ಸಿಟ್ಟಿನಲ್ಲೇ ಕುಡಿದೆ. ಆಮೇಲೆ ಹಾಳೆ ಹಿಡಿದು ಒಂದೊಂದೇ ಗುರುತನ್ನು ಬಲದಿಂದ ಎಡಕ್ಕೆ ತಾಳೆ ನೋಡಿದೆ. ಎಲ್ಲವೂ ಸರಿಯಿತ್ತು. ಆ ಕಾಲದವರು ಹೆಚ್ಚಾಗಿ ಬರೆಯುತ್ತಿದ್ದದ್ದೂ ಹೀಗೆಯೇ. ಎಡಕ್ಕೆ ತಿರುಗಿಸಿದ್ದು ನಮ್ಮ ಅನುಕೂಲಕ್ಕಾಗಿ ಪುಸ್ತಕ ಮಾಡಿದವರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಜಗಳವಾಡಿದ್ದೆ.

“ಬಾಣದ ಗುರುತು ಹಾಕ್ಲಾ ಸಾರ್, ಎಲ್ಲಿಂದ ಶುರು ಅಂತ?”

“ಬೇಡ.”

ಚಿಂತಾಮಣಿಯಲ್ಲಿ ಮರುದಿನ ಬೆಳಿಗ್ಗೆ ಬಟ್ಟೆ ಕಟ್ಟಿದೆವು. ಮುಂದಿನ ಸಾಲಿನ ಮಕ್ಕಳೆಲ್ಲ ಬಟ್ಟೆಯ ಎಡತುದಿಗೆ ಕಣ್ಣು ಹಾಯಿಸಿದರು. ನಾನು ಬಲತುದಿಗೆ ನಡೆದು, ಒಂಬತ್ತೂ ಹಕ್ಕಿಗಳಿಗೆ ಎದುರಾಗಿ ನಿಂತೆ.