ಬಲಗೈಯ ಎರಡು ಉಗುರುಗಳು

ಭಾನುವಾರ ಬೆಳಿಗ್ಗೆ ಕಾಫಿ ಮುಗಿದ ಮೇಲೆ, ಡಾಲಸ್ ಬಳಿಯ ಫ್ಲವರ್ ಮೌಂಡಿನ ನಮ್ಮ ಮನೆಯ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಹಳೆಯ ಪೇಪರೊಂದನ್ನು ಹರಡಿ ಉಗುರು ಕತ್ತರಿಸಿಕೊಳ್ಳುವುದು ನನ್ನ ವಾರದ ಕೆಲಸಗಳಲ್ಲೆಲ್ಲ ಅತ್ಯಂತ ಏಕಾಗ್ರತೆಯಿಂದ ನಡೆಯುವ ಕೆಲಸ. ಎಂಟು ಉಗುರುಗಳಿಗೆ ಕತ್ತರಿ. ಬಲಗೈಯ ತೋರುಬೆರಳು ಮತ್ತು ನಡುಬೆರಳಿನ ಉಗುರುಗಳಿಗೆ ವಿನಾಯಿತಿ. ಲಾಸ್ ಕೊಲಿನಾಸಿನ ನಮ್ಮ ಆಫೀಸಿನ ಮೀಟಿಂಗುಗಳಲ್ಲಿ ಈ ಎರಡು ಉಗುರುಗಳನ್ನು ನೋಡಿದವರು, ಪಾಪ, ಈ ಹೆಂಗಸಿಗೆ ಉಗುರು ಕತ್ತರಿಸಿ ಮುಗಿಸುವಷ್ಟೂ ಪುರಸೊತ್ತಿಲ್ಲವಲ್ಲ ಎಂದು ಅನುಕಂಪಪಡುತ್ತಾರೆ ಎಂಬ ಗುಮಾನಿ ನನಗಿದೆ. ಆ ಅನುಕಂಪ ಕೆಲಸ ಹಂಚುವ ಹೊತ್ತಿಗೆ ನನಗೆ ಅನುಕೂಲಕರವಾಗಿಯೇ ಇರುವುದರಿಂದ ನಾನು ಅದನ್ನು ತಿದ್ದಲು ಹೋಗಿಲ್ಲ.

ಈ ಉಗುರುಗಳ ಇತಿಹಾಸ ಮೈಸೂರಿನಲ್ಲಿ ಆರಂಭವಾಗುತ್ತದೆ. ನನಗೆ ವೀಣೆ ಕಲಿಸಿದ ಮೇಷ್ಟ್ರು ತಂತಿಯನ್ನು ಸ್ವಂತ ಉಗುರಿನಲ್ಲೇ ಮೀಟಬೇಕು ಎನ್ನುವವರು; ಶಿಷ್ಯೆಯರ ಸ್ವರಜ್ಞಾನವನ್ನು ಪರೀಕ್ಷಿಸುವ ಮೊದಲು ಉಗುರನ್ನು ಪರೀಕ್ಷಿಸುತ್ತಿದ್ದರು. ಇತ್ತ ನಮ್ಮಮ್ಮನಿಗೆ ಉಗುರು ಬೆಳೆಸಿದ ಕೈಯಲ್ಲಿ ಸಾರನ್ನ ಕಲಸುವುದೆಂದರೆ ಅನಾಚಾರ. ಮಂಗಳವಾರ ಕತ್ತರಿಸಬಾರದು, ಶುಕ್ರವಾರ ಕತ್ತರಿಸಬಾರದು, ದೀಪ ಹಚ್ಚಿದ ಮೇಲಂತೂ ಕೂಡದೇ ಕೂಡದು ಎಂಬ ಅವಳದೇ ಶಾಸ್ತ್ರಗಳನ್ನು ಅವಳ ವಿರುದ್ಧ ತಿರುಗಿಸಿ ನಾನು ಹತ್ತು ವರ್ಷ ಆ ಉಗುರುಗಳನ್ನು ಕಾಪಾಡಿಕೊಂಡೆ. ಆಮೇಲೆ, ಕಂಪ್ಯೂಟರುಗಳೆಲ್ಲ ಹೊಸ ಶತಮಾನಕ್ಕೆ ಹೆದರಿದ್ದ ಕಾಲದಲ್ಲಿ ಟೆಕ್ಸಾಸಿಗೆ ಬಂದವಳು ಮೊದಲ ತಿಂಗಳಲ್ಲೇ ಅವನ್ನು ಕತ್ತರಿಸಿಬಿಟ್ಟೆ. ಕೀಬೋರ್ಡಿಗೆ ತಾಕುತ್ತವೆ ಎಂಬುದು ಊರಿಗೆಲ್ಲ ಹೇಳಿದ ಕಾರಣ. ನಿಜವಾದ ಕಾರಣ ಬೇರೆ: ಮೇಷ್ಟ್ರಿಲ್ಲದ, ಕೇಳುವವರಿಲ್ಲದ, ಗೋಡೆಯಿಂದ ಗೋಡೆಗೆ ಕಾರ್ಪೆಟ್ಟಿರುವ ಈ ಊರಿನಲ್ಲಿ ವೀಣೆ ನುಡಿಸಿದರೆ ಅದು ಅಸಲಿ ಆಗುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೆ. ವೀಣೆಯ ಪೆಟ್ಟಿಗೆ ಮನೆಯ ಕ್ಲಾಸೆಟ್ಟಿನಲ್ಲಿ ಎಸಿ ಯಂತ್ರದ ಪಕ್ಕದಲ್ಲಿ ನಿಂತಿತು. ಏನನ್ನೂ ನುಡಿಸದವರ ಶುದ್ಧತೆಗೆ ಎಂದೂ ಮುಕ್ಕಾಗುವುದಿಲ್ಲವಾದ್ದರಿಂದ, ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಹಾಡಿದವರ ಗಮಕ, ಉಚ್ಚಾರ, ಶ್ರುತಿಗಳ ಬಗ್ಗೆ ಡಾಲಸ್‌ನಲ್ಲೆಲ್ಲ ಅತ್ಯಂತ ಕಠಿಣ ಅಭಿಪ್ರಾಯಗಳು ನನ್ನವೇ ಆಗಿದ್ದವು.

ಒಂದು ಆಗಸ್ಟಿನಲ್ಲಿ ಎಸಿ ಕೆಟ್ಟಿತು. ಟೆಕ್ಸಾಸಿನ ಆಗಸ್ಟಿನಲ್ಲಿ ಎಸಿ ಕೆಟ್ಟರೆ ಮನುಷ್ಯ ದೇವರಿಗಿಂತ ಮೊದಲು ರಿಪೇರಿಯವನನ್ನು ನೆನೆಯುತ್ತಾನೆ. ಬಂದವನು ವೇಡ್ ಎಂಬ ಐವತ್ತರ ಆಸುಪಾಸಿನ ಎತ್ತರದ ಆಸಾಮಿ. ಎಡಗೈ ಬರಿಗೈ, ಬಲಗೈಗೆ ಮಾತ್ರ ದಪ್ಪ ತೊಗಲಿನ ಗ್ಲೌಸು. ಕೆಲಸ ಮುಗಿಸಿ ಬಿಲ್ಲು ಬರೆಯಲು ಅದನ್ನು ಕಳಚಿದಾಗ ನೋಡುತ್ತೇನೆ, ಐದೂ ಬೆರಳಿಗೆ ನೀಳವಾದ, ಬಿಳುಪಾದ, ಅಸಹಜವಾಗಿ ಹೊಳೆಯುವ ಉಗುರುಗಳು. ಕೇಳಿದೆ. ಶುಕ್ರವಾರ ಸಂಜೆ ಡಾಲಸ್ಸಿನ ಸ್ಪ್ಯಾನಿಷ್ ರೆಸ್ಟೋರೆಂಟೊಂದರಲ್ಲಿ ಫ್ಲಮೆಂಕೊ ಗಿಟಾರ್ ನುಡಿಸುತ್ತಾನಂತೆ. ಮುರಿಯುವ ಉಗುರುಗಳ ಮೇಲೆ ಪಿಂಗ್‌ಪಾಂಗ್ ಚೆಂಡಿನ ಚೂರು ಕತ್ತರಿಸಿ ಅಂಟಿಸುತ್ತಾನಂತೆ. ಅಜ್ಜ ಚೆಕ್ ದೇಶದಿಂದ ಬಂದು ಟೆಕ್ಸಾಸಿನಲ್ಲಿ ಹತ್ತಿ ಬೆಳೆದವನು. ಇವನು ಕಲಿತದ್ದು ಹಳೆಯ ರೆಕಾರ್ಡುಗಳನ್ನು ನಿಧಾನಕ್ಕೆ ತಿರುಗಿಸಿ, ಮೂವತ್ತು ವರ್ಷ. ಸ್ಪೇನಿಗೆ ಒಮ್ಮೆಯೂ ಹೋಗಿಲ್ಲ. ತಾನೇ ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟೊಂದನ್ನು ಸಂಕೋಚದಿಂದ ಕೊಟ್ಟು, "ಕ್ಲಾಸೆಟ್ಟಿನಲ್ಲಿರುವ ಆ ದೊಡ್ಡ ಪೆಟ್ಟಿಗೆಯಲ್ಲಿ ಏನಿದೆ ಮ್ಯಾಮ್?" ಎಂದು ಕೇಳಿದ. ಏನೋ ಹಳೆಯ ಸಾಮಾನು ಎಂದೆ.

ಮುಂದಿನ ಶುಕ್ರವಾರ ನಮ್ಮ ಮನೆಯವರನ್ನು ಎಳೆದುಕೊಂಡು ಹೋದೆ. ಕುತೂಹಲದಿಂದ ಎಂದು ಅವರಿಗೆ ಹೇಳಿದ್ದರೂ ತಪ್ಪು ಹುಡುಕುವುದಕ್ಕೆಂದೇ ಹೋದೆ ಎಂದು ನಿಮ್ಮಲ್ಲಿ ಒಪ್ಪಿಕೊಳ್ಳುತ್ತೇನೆ. ಮುಂದಿನ ಮೇಜಿನಲ್ಲಿ ಕೂತು, ಮೈಸೂರಿನ ಸಭೆಗಳಲ್ಲಿ ಕೂರುವಂತೆಯೇ ಬಲಗೈಯಲ್ಲಿ ತೊಡೆಯ ಮೇಲೆ ತಾಳ ಹಾಕತೊಡಗಿದೆ. ಹನ್ನೆರಡು ಎಣಿಕೆಯ ಆವರ್ತ ಎಂಬುದು ಬೇಗನೆ ತಿಳಿಯಿತು. ಆದರೆ ಈ ಮನುಷ್ಯ ಪ್ರತಿ ಸಲವೂ ಸಮಕ್ಕೆ ಬಂದು ಮುಗಿಸುವ ಬದಲು ಹತ್ತಕ್ಕೇ ಮುಗಿಸಿಬಿಡುತ್ತಿದ್ದ. ಎರಡೆಣಿಕೆ ಖೋತಾ. ಅಷ್ಟು ಸ್ಪಷ್ಟವಾದ ತಪ್ಪು ಕೈಗೆ ಸಿಕ್ಕಿದ ಆನಂದದಲ್ಲಿ ನನಗೆ ಊಟವೂ ರುಚಿಸಿತು.

ವಿರಾಮದಲ್ಲಿ ಅವನೇ ನಮ್ಮ ಮೇಜಿಗೆ ಬಂದ. "ನೀವು ಎಣಿಸುತ್ತಿದ್ದಿರಿ. ಇಲ್ಲಿ ಯಾರೂ ಎಣಿಸುವುದಿಲ್ಲ. ಹೇಗಿತ್ತು, ನಿಜ ಹೇಳಿ," ಎಂದ. ನಿಜ ಹೇಳುವುದರಲ್ಲಿ ನಾನೆಂದೂ ಹಿಂದೆ ಬಿದ್ದವಳಲ್ಲ. ಎರಡೆಣಿಕೆ ಮೊದಲೇ ಮುಗಿಸುತ್ತಿದ್ದೀರಿ ಎಂದೆ. ಅದು ಹತ್ತಕ್ಕೇ ಮುಗಿಯಬೇಕು ಎಂದು ತಾನು ತಿಳಿದಿರುವುದಾಗಿ ಅವನು ಮೆಲ್ಲಗೆ ಹೇಳಿದ. ಅಷ್ಟಕ್ಕೆ ಸುಮ್ಮನಾಗಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ರೆಕಾರ್ಡು ಕೇಳಿ ಕಲಿತರೆ ಹೀಗೇ ಆಗುವುದೆಂದೂ, ಇಂಥ ವಿದ್ಯೆ ರಕ್ತದಲ್ಲಿ ಬರಬೇಕೆಂದೂ, ಅಲ್ಲಿ ಹುಟ್ಟಿದವರನ್ನೇ ಕೇಳಬೇಕೆಂದೂ ಉಪನ್ಯಾಸ ಕೊಟ್ಟೆ. ಅವನು ತನ್ನ ಉಗುರುಗಳನ್ನು ನೋಡಿಕೊಂಡು, "ಇರಬಹುದು ಮ್ಯಾಮ್," ಎಂದು ಹೋದ.

ವಾಪಸು ಬರುವಾಗ ನಮ್ಮ ಮನೆಯವರು ಡ್ರೈವ್ ಮಾಡುತ್ತಿದ್ದರು. ಧಾರವಾಡದವರು; ಮನಸ್ಸಿನಲ್ಲಿದ್ದದ್ದನ್ನು ಬಚ್ಚಿಡುವವರಲ್ಲ. "ಅಂವಾ ಬಂದು ನಮ್ಮ ಎಸಿ ರಿಪೇರಿ ಮಾಡಿದಾ. ನೀ ಹೋಗಿ ಅವನ ತಾಳ ಕೆಡಿಸಿ ಬಂದಿ. ಆಮ್ಯಾಲೆ ಅಂವಾ ತಲಿ ಎತ್ತಲೇ ಇಲ್ಲ, ನೋಡಿದೇನು?" ಎಂದರು. ನಾನು ನೋಡಿರಲಿಲ್ಲ. ನಾನು ಎಣಿಸುತ್ತಿದ್ದೆ.

ಅದೇ ತಿಂಗಳು ಕಂಪನಿಯವರು ನನ್ನನ್ನು ಆರು ವಾರಗಳ ಮಟ್ಟಿಗೆ ಆಸ್ಟಿನ್ನಿಗೆ ಕಳಿಸಿದರು. ಅಲ್ಲಿಯ ಪ್ರಾಜೆಕ್ಟಿನಲ್ಲಿ ಮಿಕೆಲ್ ಎಂಬ ಒಬ್ಬ ಸ್ಪೇನಿನವನಿದ್ದ. ಸಾಕ್ಷಾತ್ ಪ್ರಮಾಣವೇ ಪಕ್ಕದ ಕ್ಯುಬಿಕಲ್ಲಿನಲ್ಲಿ ಸಿಕ್ಕಿತೆಂದು ಓಡಿದೆ. ಅವನು ನನ್ನನ್ನು ದಣಿದ ಕಣ್ಣಿನಿಂದ ನೋಡಿದ. ತಾನು ಉತ್ತರದ ಮಳೆನಾಡಿನವನೆಂದೂ, ತಮ್ಮ ಕಡೆ ಮೀನು, ಕುರಿ, ಛತ್ರಿಗಳು ಇವೆಯೇ ಹೊರತು ಫ್ಲಮೆಂಕೊ ಇಲ್ಲವೆಂದೂ, ಅಮೆರಿಕಕ್ಕೆ ಬಂದಾಗಿನಿಂದ ತನ್ನನ್ನು ಎಲ್ಲರೂ ಗಿಟಾರ್ ಮತ್ತು ಗೂಳಿಗಳ ಬಗ್ಗೆಯೇ ಕೇಳುತ್ತಾರೆಂದೂ ಹೇಳಿದ. ನನಗೆ ನಾಚಿಕೆಯಾಯಿತು. ಆಫೀಸಿನಲ್ಲಿ ಯೋಗ ಕಲಿಸು ಎಂದು ನನ್ನ ಬೆನ್ನು ಬಿದ್ದವರೆಲ್ಲ ನೆನಪಾದರು. ಶಾಲೆಯ ಡ್ರಿಲ್ ಕ್ಲಾಸಿನಿಂದ ಇಂದಿನವರೆಗೆ ನನ್ನ ಕೈಗಳು ನನ್ನ ಕಾಲ್ಬೆರಳುಗಳನ್ನು ದೂರದಿಂದ ಮಾತ್ರ ಕಂಡಿವೆ.

ಆದರೆ ಮಿಕೆಲ್ಲನ ಹೆಂಡತಿ ಆ ಸಂಗೀತ ಹುಟ್ಟಿದ ದಕ್ಷಿಣದವಳು, ಅವಳ ತಾಯಿ ಆಗ ಮಗಳ ಮನೆಗೆ ಬಂದಿದ್ದಳು. ಒಂದು ಶನಿವಾರ ಊಟಕ್ಕೆ ಕರೆದರು. ದಪ್ಪ ಕನ್ನಡಕದ, ಕಪ್ಪು ಕಾರ್ಡಿಗನ್ನಿನ ಆ ಅಜ್ಜಿ ಅವರೆಕಾಳು ಬಿಡಿಸುವ ಶ್ರದ್ಧೆಯಿಂದ ಬಟಾಣಿ ಬಿಡಿಸುತ್ತಿದ್ದಳು. ಹತ್ತರ ಪ್ರಶ್ನೆಯನ್ನು ಅಳಿಯನ ಮೂಲಕ ಕೇಳಿಸಿದೆ. ಅಜ್ಜಿ ಗೆಣ್ಣುಗಳಿಂದ ಮೇಜಿನ ಮೇಲೆ ಬಡಿದು ತೋರಿಸಿದಳು. ಹತ್ತಕ್ಕೆ ಸರಿಯಾಗಿ ಹಿಮ್ಮಡಿ ಕುಟ್ಟಿ ನಿಲ್ಲಿಸಿದಳು. ಮತ್ತೆ ಹನ್ನೊಂದು, ಹನ್ನೆರಡು? ಎಂದು ಕೇಳಿಸಿದೆ. "ಅವು ಉಸಿರಿಗೆ. ಉಸಿರಾಡದೆ ಮುಂದಿನದನ್ನು ಹೇಗೆ ಶುರು ಮಾಡುತ್ತೀ?" ನಾನು ಖೋತಾ ಎಂದು ದಾಖಲಿಸಿದ್ದ ಎರಡೆಣಿಕೆಗಳು ಅಲ್ಲೇ ಇದ್ದವು.

ಅವಮಾನವನ್ನು ಪೂರ್ತಿಗೊಳಿಸಿಕೊಳ್ಳೋಣವೆಂದು ಕಾರಿನಿಂದ ವೇಡ್‌ನ ಕ್ಯಾಸೆಟ್ ತಂದು ಹಾಕಿಸಿದೆ. ಅಜ್ಜಿ ಬಟಾಣಿ ಬದಿಗಿಟ್ಟು ಕೇಳಿದಳು. ಮೂರನೆಯ ತುಣುಕಿನ ನಡುವೆ ಒಂದು ಕಡೆ ಬೆರಳೆತ್ತಿದಳು. ಕೊನೆಗೆ ಹೇಳಿದ್ದನ್ನು ಮಿಕೆಲ್ ನಿಧಾನವಾಗಿ ಅನುವಾದಿಸಿದ: "ಇವನು ನಮ್ಮವನಲ್ಲ. ಆ ಒಂದು ಕಡೆ ಗೊತ್ತಾಗುತ್ತದೆ. ಆದರೆ ಇವನು ಬಹಳ ವರ್ಷ ಕೇಳಿಸಿಕೊಂಡಿದ್ದಾನೆ. ನನ್ನ ಮಗ ನಮ್ಮವನೇ. ಅವನು ಕೇಳಿಸಿಕೊಳ್ಳಲೇ ಇಲ್ಲ." ಆಮೇಲೆ ಕ್ಯಾಸೆಟ್ಟನ್ನು ಇನ್ನೊಮ್ಮೆ ಮೊದಲಿನಿಂದ ಹಾಕಿಸಿದಳು.

ಡಾಲಸ್ಸಿಗೆ ಮರಳಿದ ಮೊದಲ ಶುಕ್ರವಾರವೇ ರೆಸ್ಟೋರೆಂಟಿಗೆ ಹೋದೆ. ಅಲ್ಲಿ ಯಾರೋ ಕೀಬೋರ್ಡ್ ನುಡಿಸುತ್ತಿದ್ದರು. ವೇಡ್ ಬರುವುದನ್ನು ನಿಲ್ಲಿಸಿ ಒಂದು ತಿಂಗಳಾಯಿತು ಎಂದರು. ಮೂವತ್ತು ವರ್ಷ ನುಡಿಸಿದವನ ಕೈಯನ್ನು ನಾನು ಒಂದು ವಿರಾಮದಲ್ಲಿ ಕಟ್ಟಿಹಾಕಿದ್ದೆ. ಅಂದು ರಾತ್ರಿ ಊಟ ಸೇರಲಿಲ್ಲ. ಅವನನ್ನು ಕರೆಸಲು ನನಗೆ ಗೊತ್ತಿದ್ದ ದಾರಿ ಒಂದೇ ಆದ್ದರಿಂದ, ಅಕ್ಟೋಬರಿನ ತಂಪಿನಲ್ಲಿ, ಎಸಿ ಕೆಟ್ಟಿದೆ ಎಂದು ಫೋನ್ ಮಾಡಿದೆ.

ವೇಡ್ ಬಂದ. ಬಲಗೈಗೆ ಗ್ಲೌಸಿರಲಿಲ್ಲ. ಉಗುರುಗಳನ್ನು ಬುಡದವರೆಗೆ ಕತ್ತರಿಸಿಕೊಂಡಿದ್ದ. ಯಂತ್ರದಲ್ಲಿ ಏನೂ ಕೆಟ್ಟಿಲ್ಲ, ಕೆಟ್ಟದ್ದು ನಾನು ಎಂದು ಹೇಳಿ, ಹತ್ತು, ಹನ್ನೊಂದು, ಹನ್ನೆರಡರ ಕತೆಯನ್ನೆಲ್ಲ ಒಪ್ಪಿಸಿ ಕ್ಷಮೆ ಕೇಳಿದೆ. ಅವನು ತಲೆಯಾಡಿಸಿದ. "ಹತ್ತರ ವಿಷಯ ನನಗೆ ಗೊತ್ತಿತ್ತು ಮ್ಯಾಮ್. ರಕ್ತದ ಮಾತನ್ನು ಮಾತ್ರ ಮೂವತ್ತು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು." ಅಜ್ಜಿಯ ತೀರ್ಪಿನ ಮೊದಲ ವಾಕ್ಯವನ್ನು ನುಂಗಿಬಿಡೋಣ ಎಂದು ಮನಸ್ಸು ಹೇಳಿತು. ನುಂಗಲಿಲ್ಲ. ನಮ್ಮವನಲ್ಲ ಎಂದದ್ದನ್ನೂ, ಬಹಳ ಕೇಳಿಸಿಕೊಂಡಿದ್ದಾನೆ ಎಂದದ್ದನ್ನೂ ಹೇಳಿದೆ. ಅವನು ನೊಂದುಕೊಳ್ಳಬಹುದು ಎಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ: "ಎಲ್ಲಿ ಎಂದು ತೋರಿಸಿದರಾ?"

ಕ್ಯಾಸೆಟ್ ಹಾಕಿ ಆ ಜಾಗ ತೋರಿಸಿದೆ. ಕಣ್ಣು ಮುಚ್ಚಿ ಎರಡು ಸಲ ಕೇಳಿದ. "ಹೌದು. ಅಲ್ಲಿ ನಾನು ಅವಸರ ಮಾಡಿದೆ," ಎಂದು, ಬಹಳ ದಿನದಿಂದ ಹುಡುಕುತ್ತಿದ್ದದ್ದು ಸಿಕ್ಕಿದವನ ಸಮಾಧಾನದಲ್ಲಿ ನಕ್ಕ.

ಆಮೇಲೆ ಕ್ಲಾಸೆಟ್ಟಿನ ಕಡೆ ನೋಡಿ ಮತ್ತೆ ಅದೇ ಪ್ರಶ್ನೆ ಕೇಳಿದ. ಈ ಸಲ ಪೆಟ್ಟಿಗೆ ತೆಗೆದು ತೋರಿಸಿದೆ. ಯಾಕೆ ನುಡಿಸುವುದಿಲ್ಲ ಎಂದ. ಮೇಷ್ಟ್ರಿಲ್ಲ, ನೆಲ ಬೇರೆ, ಇಲ್ಲಿ ನುಡಿಸಿದರೆ ಅಸಲಿ ಆಗುವುದಿಲ್ಲ ಎಂದು ವರ್ಷಗಳಿಂದ ಹೇಳಿ ನುಣುಪಾಗಿದ್ದ ಮಾತನ್ನು ಅವನ ಎದುರಿಗೆ, ಆ ಮೋಟು ಉಗುರುಗಳ ಎದುರಿಗೆ ಹೇಳತೊಡಗಿದವಳು ಅರ್ಧಕ್ಕೇ ನಿಂತೆ. ಅವನು ಬುದ್ಧಿ ಹೇಳಲಿಲ್ಲ. ನನ್ನ ಕೈಯನ್ನೂ ತನ್ನ ಕೈಯನ್ನೂ ನೋಡಿ, "ಬೆಳೆಯಲು ಎಂಟು ವಾರ ಬೇಕು. ನನ್ನದಕ್ಕೂ, ನಿಮ್ಮದಕ್ಕೂ," ಎಂದಷ್ಟೇ ಹೇಳಿ ಉಪಕರಣಗಳ ಪೆಟ್ಟಿಗೆ ಎತ್ತಿಕೊಂಡ.

ಎಂಟು ವಾರಕ್ಕೆ ಅವನು ಶುಕ್ರವಾರದ ಕುರ್ಚಿಗೆ ಮರಳಿದ. ನನಗೆ ಇನ್ನೂ ಹೆಚ್ಚು ಕಾಲ ಹಿಡಿಯಿತು. ಮರುವರ್ಷದ ದಸರೆಯಲ್ಲಿ ಹ್ಯೂಸ್ಟನ್ನಿನ ಆಚೆ, ಪೇರ್‌ಲ್ಯಾಂಡಿನ ದೇವಸ್ಥಾನದಲ್ಲಿ ಹದಿನೈದು ನಿಮಿಷ ನುಡಿಸಿದೆ. ಮುಂದಿನ ಸಾಲಿನಲ್ಲಿ ಮೈಸೂರಿನವರೇ ಆದ ಒಬ್ಬ ಅಂಕಲ್ ಉದ್ದಕ್ಕೂ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಆ ಕೈ ನನಗೆ ಚೆನ್ನಾಗಿ ಪರಿಚಯವಿದ್ದ ಕೈ. ಮುಗಿದ ಮೇಲೆ ಬಂದು, "ಚೆನ್ನಾಗಿತ್ತಮ್ಮ. ಆದ್ರೆ ಒಂದ್ಕಡೆ ಸ್ವಲ್ಪ ಅಮೆರಿಕಾ ಬಂದ್ಬಿಡ್ತು ನೋಡು," ಎಂದರು. ಹಿಂದಿನ ನಾನಾಗಿದ್ದರೆ ಅಂದೇ ಉಗುರು ಕತ್ತರಿಸುತ್ತಿದ್ದೆ. "ಎಲ್ಲಿ ಅಂತ ತೋರಿಸ್ತೀರಾ ಅಂಕಲ್?" ಎಂದೆ. ಅವರು ಖುಷಿಯಿಂದ ಪಕ್ಕದಲ್ಲಿ ಕೂತು ಹಾಡಿ ತೋರಿಸಿದರು. ಅವರು ಹೇಳಿದ್ದು ಸರಿಯಾಗಿತ್ತು. ಮೇಷ್ಟ್ರಿಲ್ಲ ಎಂದು ಅಷ್ಟು ವರ್ಷ ಗೊಣಗಿದ ನನಗೆ ಪ್ರಸಾದದ ಸಾಲಿನ ಪಕ್ಕದಲ್ಲೇ ಒಬ್ಬರು ಸಿಕ್ಕರು. ಆ ಪ್ರಶ್ನೆಯನ್ನು ನನಗೆ ಕಲಿಸಿದ ಎಸಿ ರಿಪೇರಿಯವನಿಗೆ ನಾನು ಇಂದಿಗೂ ಕೃತಜ್ಞಳು. ಬಟಾಣಿ ಬಿಡಿಸುತ್ತಿದ್ದ ಆ ಅಜ್ಜಿಗೂ, ಅಂದು ಕಾರಿನಲ್ಲಿ ಸುಮ್ಮನಿರದ ನಮ್ಮ ಮನೆಯವರಿಗೂ.

ಕಳೆದ ವಾರ ಪಾತ್ರೆ ಜೋಡಿಸುವಾಗ ಡಿಶ್‌ವಾಷರಿನ ಅಂಚಿಗೆ ತಾಗಿ ನಡುಬೆರಳಿನ ಉಗುರು ಅಡ್ಡಡ್ಡ ಮುರಿಯಿತು. ವರ್ಷದ ಸರ್ವೀಸಿಗೆ ಬಂದಿದ್ದ ವೇಡ್ ಅದನ್ನು ನೋಡಿದ. ಅವನು ಹೋದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಅರ್ಧ ಪಿಂಗ್‌ಪಾಂಗ್ ಚೆಂಡು ಮತ್ತು ಪುಟ್ಟ ಗೋಂದಿನ ಟ್ಯೂಬು ಇದ್ದವು. ಹಾಗಾಗಿ ಈ ಭಾನುವಾರವೂ ಹಿತ್ತಲಿನಲ್ಲಿ ಪೇಪರು ಹರಡಿ ಕೂತು ಎಂಟನ್ನು ಕತ್ತರಿಸಿದ್ದೇನೆ, ಎರಡನ್ನು ಉಳಿಸಿದ್ದೇನೆ. ಉಳಿದ ಎರಡರಲ್ಲಿ ಒಂದು ಮೈಸೂರಿನದು, ಇನ್ನೊಂದು ಪ್ಲಾಸ್ಟಿಕ್ಕಿನದು. ಒಳಗೆ ಹೋಗಿ ಮೀಟಿ ನೋಡಿದೆ; ತಂತಿ ಎರಡಕ್ಕೂ ನುಡಿಯಿತು.